ಮೇಲೆ ಥಳುಕು

ನಮ್ಮ ಮನೆಯ ಅಟ್ಟದಲ್ಲಿ ಒಂದು ತಗಡಿನ ಟ್ರಂಕು ಇದೆ. ಮದುವೆಯಲ್ಲಿ ತವರಿನವರು ಕೊಟ್ಟದ್ದು. ಸೀರೆಗಳೆಲ್ಲ ಬೀರುವಿಗೆ ಹೋದ ಮೇಲೆ ಅದು ನನ್ನ ಕಾಗದಪತ್ರಗಳ ಪೆಟ್ಟಿಗೆಯಾಯಿತು. ಕಳೆದ ದೀಪಾವಳಿಗೆ ಅಟ್ಟ ಗುಡಿಸಲು ಹತ್ತಿದವಳು ಅದನ್ನು ತೆರೆದೆ. ಒಳಗೆ ಮೂವತ್ತು ವರ್ಷಗಳಿಂದ ವಾರಪತ್ರಿಕೆ, ಮಾಸಪತ್ರಿಕೆಗಳಿಂದ ಕತ್ತರಿಸಿ ಇಟ್ಟ ಹಾಳೆಗಳು. ಅಡುಗೆಯದೊಂದು ಕಟ್ಟು, ಕಸೂತಿಯದೊಂದು ಕಟ್ಟು. ಎಲ್ಲಕ್ಕಿಂತ ದಪ್ಪನೆಯ ಕಟ್ಟು ಮನೆ ಅಲಂಕಾರದ್ದು. ಹಳೆಯ ಮನೆಗೆ ಹೊಸ ರೂಪ ಕೊಡುವುದು ಹೇಗೆ, ಚಿಕ್ಕ ಹಜಾರವನ್ನು ದೊಡ್ಡದಾಗಿ ಕಾಣಿಸುವುದು ಹೇಗೆ, ಸಂಬಳದ ಮಿತಿಯಲ್ಲೇ ಮನೆಯನ್ನು ಅರಮನೆ ಮಾಡುವುದು ಹೇಗೆ. ಎಲ್ಲವೂ 'ಹೇಗೆ'ಗಳೇ.

ಪೊರಕೆ ಬದಿಗಿಟ್ಟು ಓದುತ್ತ ಕುಳಿತೆ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವಳಿಗೆ ಯಾರಾದರೂ ಬರೆದದ್ದು ಕಣ್ಣಿಗೆ ಬಿದ್ದರೆ ಕೈ ತಾನಾಗಿ ಕೆಂಪು ಪೆನ್ನು ಹುಡುಕುತ್ತದೆ. ಓದುತ್ತಿದ್ದಂತೆ ಒಂದು ವಿಷಯ ಹೊಳೆಯಿತು. ಕಥೆ, ಕವನ, ಕಾದಂಬರಿಗಳಿಗೆಲ್ಲ ನಮ್ಮಲ್ಲಿ ವಿಮರ್ಶಕರಿದ್ದಾರೆ. ಈ ಹಾಳೆಗಳಿಗೆ ಮಾತ್ರ ಯಾರೂ ಇಲ್ಲ. ಆದರೆ ನಿಜ ಹೇಳಿ, ಕಾದಂಬರಿ ಓದಿ ಬದುಕು ಬದಲಾಯಿಸಿಕೊಂಡವರು ನಮ್ಮಲ್ಲಿ ಎಷ್ಟು ಮಂದಿ? ಇಂಥ ಒಂದು ಹಾಳೆ ಓದಿ ಗೋಡೆ ಒಡೆಸಿದವರು ಎಷ್ಟು ಮಂದಿ? ಎರಡನೆಯ ಗುಂಪಿನಲ್ಲಿ ನಾನೂ ಒಬ್ಬಳು. ಆದ್ದರಿಂದ ಈ ಬರಹಗಳನ್ನು ತಿದ್ದುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಮೊದಲು ಅವುಗಳ ಋಣವನ್ನು ಹೇಳಿಬಿಡಬೇಕು. 1994ರಲ್ಲಿ ನಾನು ಸೊಸೆಯಾಗಿ ಈ ಮನೆಗೆ ಬಂದಾಗ ಗೋಡೆಯ ಕ್ಯಾಲೆಂಡರನ್ನು ಒಂದು ಮೊಳೆಯಿಂದ ಇನ್ನೊಂದು ಮೊಳೆಗೆ ಹಾಕಬೇಕಾದರೂ ಕೇಳಬೇಕಿತ್ತು. ಅತ್ತೆ ಜಬರದಸ್ತಿನ ಹೆಂಗಸೇನಲ್ಲ. ಆದರೆ ಮನೆ ಅವರದು. ಅದಕ್ಕೂ ಹಿಂದೆ ಅವರ ಅತ್ತೆಯದು. ಆ ದಿನಗಳಲ್ಲಿ ಮಧ್ಯಾಹ್ನದ ಹೊತ್ತು ಬಣ್ಣದ ಪುಟವೊಂದನ್ನು ಕತ್ತರಿಸಿ ಇಟ್ಟುಕೊಳ್ಳುವುದೆಂದರೆ, 'ಒಂದು ದಿನ ನನಗೂ ಒಂದು ಮಾತು ಇರುತ್ತದೆ' ಎಂದು ನನಗೆ ನಾನೇ ಹೇಳಿಕೊಂಡ ಹಾಗೆ. ಗೋಡೆಯ ಬಣ್ಣ, ಕಿಟಕಿಯ ಪರದೆ, ಕುರ್ಚಿ ಇಡುವ ಜಾಗ ಇವುಗಳ ಬಗ್ಗೆ ಹೆಂಗಸಿಗೂ ಒಂದು ಅಭಿಪ್ರಾಯ ಇರಬಹುದು ಎಂದು ನಮ್ಮಂಥ ಊರುಗಳಲ್ಲಿ ಮೊದಲು ಹೇಳಿಕೊಟ್ಟದ್ದು ಈ ಪುಟಗಳೇ. ಅದನ್ನು ಮರೆತು ಬೈದರೆ ಕೃತಘ್ನತೆಯಾಗುತ್ತದೆ.

ಇನ್ನು ಮನೆಯ ವಿಚಾರ. ನಮ್ಮದು ಹಾಸನ ಸೀಮೆಯ ಒಂದು ತಾಲ್ಲೂಕು ಊರು. ಮನೆ ನನ್ನ ಯಜಮಾನರ ತಾತ ಕಟ್ಟಿಸಿದ್ದು. ಮುಂದೆ ಜಗಲಿ, ಒಳಗೆ ಪಡಸಾಲೆ, ನಡುವೆ ಸಣ್ಣ ತೊಟ್ಟಿ, ಅದರ ಸುತ್ತ ಕಲ್ಲುಚಪ್ಪಡಿಯ ಅಂಚು, ಹಿಂದೆ ಅಡುಗೆಮನೆ, ಬಚ್ಚಲು, ಹಿತ್ತಲು. ಗೋಡೆ ಮಣ್ಣಿನದು, ಮೇಲೆ ಸುಣ್ಣದ ಗಾರೆ. ಬೀದಿಯ ಕಡೆ ಮಂಗಳೂರು ಹೆಂಚು, ತೊಟ್ಟಿಯ ಸುತ್ತ ನಾಡಹೆಂಚು. ಪಡಸಾಲೆಗೆ ಮಾವನವರು ಹಾಕಿಸಿದ ಕೆಂಪು ಗಾರೆ ನೆಲ. ಆ ನೆಲ ಎಷ್ಟೋ ವರ್ಷ ಹೆಂಗಸರ ಪಾದ ತಿಕ್ಕಿ ತಿಕ್ಕಿಯೇ ನುಣುಪಾಗಿತ್ತು, ಆದರೆ ಎಂದೂ ಜಾರುತ್ತಿರಲಿಲ್ಲ.

2012ರಲ್ಲಿ ನನ್ನ ಮಾತಿನ ದಿನ ಬಂತು. ಮಗಳ ಮದುವೆ ಮಾತುಕತೆ ಶುರುವಾಗಿತ್ತು. ಗಂಡಿನ ಕಡೆಯವರು ಬಂದಾಗ ಗೋಡೆಯ ಬುಡ ಪುಡಿ ಉದುರಿಸುತ್ತಿದ್ದರೆ ಏನು ಚೆನ್ನ? ಜಿಪಿಎಫ್‌ನಿಂದ 3 ಲಕ್ಷ ತೆಗೆದೆ. ಟ್ರಂಕಿನಿಂದ ಹಾಳೆಗಳೂ ಕೆಳಗಿಳಿದವು. ಹಾಳೆಗಳು ಹೇಳಿದ್ದನ್ನು ಗುತ್ತಿಗೆದಾರರೂ ಹೇಳಿದರು, ಟೈಲ್ಸ್ ಅಂಗಡಿಯವರೂ ಹೇಳಿದರು. ಮೂರೂ ಕಡೆ ಒಂದೇ ಮಾತು ಬಂದರೆ ನಂಬದೆ ಇರುವುದಾದರೂ ಹೇಗೆ? ಉದುರುವ ಸುಣ್ಣದ ಗಾರೆ ಕೆರೆಸಿ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದಾಯಿತು. ಅದರ ಮೇಲೆ ತೊಳೆದರೂ ಹೋಗದ ಪ್ಲಾಸ್ಟಿಕ್ ಬಣ್ಣ. ಕೆಂಪು ನೆಲದ ಮೇಲೆ, ತೊಟ್ಟಿಯಂಚಿನ ಚಪ್ಪಡಿಯ ಮೇಲೆ, ಕನ್ನಡಿಯಂತೆ ಹೊಳೆಯುವ ಟೈಲ್ಸ್. ಪಡಸಾಲೆಯ ಹೆಂಚು ಕಾಣದಂತೆ ಬಿಳಿಯ ಫಾಲ್ಸ್ ಸೀಲಿಂಗ್. ದೀಪದ ಗೂಡುಗಳನ್ನು ಮುಚ್ಚಿ ಗೋಡೆ ಸಮ ಮಾಡಿಸಿದೆವು. ಅಡುಗೆಮನೆಯ ಸರದಿ ಬರುವ ಹೊತ್ತಿಗೆ ದುಡ್ಡು ಮುಗಿದಿತ್ತು.

ಬಂದವರೆಲ್ಲ "ಟೀಚರೇ, ಹಳೇ ಮನೆ ಅಂತ ಗೊತ್ತೇ ಆಗಲ್ಲ" ಎಂದರು. ಆಗ ಅದು ನನಗೆ ಹೊಗಳಿಕೆಯಾಗಿಯೇ ಕೇಳಿಸಿತು. ಅತ್ತೆ ಮಾತ್ರ ಎರಡು ದಿನ ಗೋಡೆ ಹಿಡಿದುಕೊಂಡು ಓಡಾಡಿ, "ಚೆನ್ನಾಗಿದೆ ಕಣಮ್ಮ. ಕಾಲು ಊರಕ್ಕೇ ಭಯ ಆಗುತ್ತೆ" ಎಂದರು. ಹಳಬರು ಹೊಸದನ್ನು ಕಂಡು ಹೀಗೇ ಅನ್ನುತ್ತಾರೆ ಎಂದು ನಾನು ನಕ್ಕುಬಿಟ್ಟೆ.

ಎರಡನೆಯ ಮಳೆಗಾಲಕ್ಕೆ ಗೋಡೆಯ ಬುಡದಲ್ಲಿ ಬಣ್ಣ ಗುಳ್ಳೆಯೆದ್ದಿತು. ಗುಳ್ಳೆ ಒಡೆದರೆ ಒಳಗೆ ಉಪ್ಪಿನಂಥ ಬಿಳಿ ಪುಡಿ. ಕೈಯಿಂದ ತಟ್ಟಿದರೆ ಸಿಮೆಂಟಿನ ಪದರ ಟೊಳ್ಳಾಗಿ ಸದ್ದು ಮಾಡುತ್ತಿತ್ತು, ಒಳಗಿನ ಮಣ್ಣು ಹಸಿಯಾಗಿತ್ತು. ಫಾಲ್ಸ್ ಸೀಲಿಂಗಿನ ಮೇಲೆ ಇಲಿಗಳ ಸಂಸಾರ. ಅದರ ಮೂಲೆಯಲ್ಲಿ ಚಹದ ಬಣ್ಣದ ಕಲೆ ಕಾಣಿಸಿಕೊಂಡ ಮೇಲೆಯೇ ಹೆಂಚು ಸೋರುತ್ತಿದೆ ಎಂದು ತಿಳಿದದ್ದು. ಮೇಲೆ ಹತ್ತಿ ನೋಡಿದರೆ ಎರಡು ರೀಪು ಗೆದ್ದಲಿಗೆ ಹೋಗಿದ್ದವು. ಮೊದಲಾಗಿದ್ದರೆ ಒಂದು ಹನಿ ಬಿದ್ದ ದಿನವೇ ಗೊತ್ತಾಗುತ್ತಿತ್ತು.

ಇವೆಲ್ಲ ದುಡ್ಡಿನ ನಷ್ಟ. ಸರಿ ಮಾಡಿಸಬಹುದು. 2014ರ ಆಷಾಢದಲ್ಲಿ, ಸೋನೆ ಹಿಡಿದ ಒಂದು ಬೆಳಗ್ಗೆ, ಅತ್ತೆ ತುಳಸಿಗೆ ನೀರು ಹಾಕಲೆಂದು ತೊಟ್ಟಿಯ ಅಂಚಿಗೆ ಹೋದರು. ಒದ್ದೆ ಟೈಲ್ಸ್ ಮೇಲೆ ಕಾಲು ಜಾರಿತು. ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯಾಗಿ ವಾಕರ್ ಹಿಡಿದು ನಡೆಯುವಂತಾದರು, ಆದರೆ ಆಮೇಲೆ ಒಂಟಿಯಾಗಿ ಹಿತ್ತಲಿಗೆ ಹೋಗಲಿಲ್ಲ. ನಾಲ್ಕು ವರ್ಷ ಹಾಗೇ ಇದ್ದು ತೀರಿಕೊಂಡರು. ಒಂದು ದಿನವೂ "ನಾನು ಹೇಳಲಿಲ್ಲವೇ" ಎನ್ನಲಿಲ್ಲ. ಅಂದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಅಟ್ಟದಲ್ಲಿ ಕುಳಿತು ಆ ಹಾಳೆಗಳನ್ನು ಮತ್ತೆ ಓದುವಾಗ ನನ್ನ ಕಣ್ಣು ಮೊದಲಿನ ಕಣ್ಣಾಗಿರಲಿಲ್ಲ. ಕಂಡ ತಪ್ಪುಗಳನ್ನು ಹೇಳುತ್ತೇನೆ.

ಮೊದಲನೆಯದು ಚಿತ್ರಗಳದು. ನೂರಾರು ಚಿತ್ರಗಳಲ್ಲಿ ಒಂದರಲ್ಲಾದರೂ ಮುದುಕಿಯೊಬ್ಬಳು ಇದ್ದಾಳೆಯೇ ಎಂದು ಹುಡುಕಿದೆ. ಇಲ್ಲ. ಮಗುವಿನ ಒದ್ದೆ ಬಟ್ಟೆ ಇಲ್ಲ. ಬಾಗಿಲ ಬಳಿ ಚಪ್ಪಲಿ ಇಲ್ಲ, ಕೊಡೆ ಇಲ್ಲ, ಗ್ಯಾಸ್ ಸಿಲಿಂಡರ್ ಇಲ್ಲ. ಊರಿಂದ ಬಂದ ಅಕ್ಕಿಮೂಟೆ ಇಲ್ಲ. ಮನೆ ಎಂದರೆ ಜನ ಇಲ್ಲದ ಜಾಗ ಎಂಬಂತೆ ಅವು ಇವೆ. ಚಿತ್ರ ತೆಗೆಯುವವನಿಗೆ ನೆಲ ಹೊಳೆದರೆ ಸಾಕು. ಅದರ ಮೇಲೆ ಎಪ್ಪತ್ತೆಂಟು ವರ್ಷದ ಒಂದು ಜೀವ ತುಂಬಿದ ಚೊಂಬು ಹಿಡಿದು ನಡೆಯಬೇಕು ಎಂಬುದು ಅವನ ಲೆಕ್ಕದಲ್ಲಿಲ್ಲ. ಆದರೆ ಬರೆದವರ ಲೆಕ್ಕದಲ್ಲಿ ಇರಬೇಕಿತ್ತು. ನನ್ನ ಲೆಕ್ಕದಲ್ಲಂತೂ ಇರಲೇಬೇಕಿತ್ತು.

ಎರಡನೆಯದು 'ಕಡಿಮೆ ಖರ್ಚು' ಎಂಬ ಮಾತು. ಎಲ್ಲ ಹಾಳೆಗಳೂ ಇದನ್ನು ಹೇಳುತ್ತವೆ. ಯಾವುದಕ್ಕಿಂತ ಕಡಿಮೆ, ಎಷ್ಟು ವರ್ಷಕ್ಕೆ ಕಡಿಮೆ, ಯಾರಿಗೆ ಕಡಿಮೆ ಎಂದು ಒಂದೂ ಹೇಳುವುದಿಲ್ಲ. ಸುಣ್ಣ ಬಳಿದ ಗೋಡೆಗೆ ವರ್ಷಕ್ಕೊಮ್ಮೆ ಮತ್ತೆ ಸುಣ್ಣ ಬೇಕು, ನಿಜ. ಆದರೆ ಒಂದು ಚೀಲ ಸುಣ್ಣ, ಒಂದು ಹಿಡಿ ನೀಲಿ ಮತ್ತು ಎರಡು ದಿನದ ಕೂಲಿಗೆ ಕೆಲಸ ಮುಗಿಯುತ್ತದೆ. ತೊಳೆದರೂ ಹೋಗದ ಬಣ್ಣ ಗುಳ್ಳೆ ಎದ್ದಾಗ ಅದನ್ನು ಕೆರೆಯಬೇಕು, ಪಟ್ಟಿ ಹಾಕಬೇಕು, ತಿಕ್ಕಬೇಕು, ಮತ್ತೆ ಎರಡು ಕೈ ಬಳಿಯಬೇಕು. ನನ್ನ 3 ಲಕ್ಷದ ಲೆಕ್ಕಕ್ಕೆ ಅತ್ತೆಯ ಆಸ್ಪತ್ರೆಯ ಖರ್ಚನ್ನೂ, ಆಮೇಲೆ ಕಿತ್ತು ಹಾಕಿದ ಕೂಲಿಯನ್ನೂ ಕೂಡಿಸಿದರೆ ಬರುವ ಮೊತ್ತವನ್ನು ಯಾವ ಹಾಳೆಯೂ ಅಚ್ಚು ಮಾಡುವುದಿಲ್ಲ.

ಮೂರನೆಯದೇ ನನ್ನ ಮುಖ್ಯ ತಕರಾರು. ಕನ್ನಡದ ಟೀಚರಾದ್ದರಿಂದ ಕ್ರಿಯಾಪದಗಳ ಕೆಳಗೆ ಗೆರೆ ಎಳೆಯುತ್ತ ಹೋದೆ. ಹಾಳೆ ಹಾಳೆಯಲ್ಲೂ ಒಂದೇ ಕ್ರಿಯಾಪದ: 'ಮುಚ್ಚಿ'. ಬಿರುಕು ಮುಚ್ಚಿ, ಕಲೆ ಮುಚ್ಚಿ, ಹಳೆಯ ನೆಲ ಮುಚ್ಚಿ, ತೊಲೆ ಮುಚ್ಚಿ. ಬಿರುಕು ಏಕೆ ಬಂತು, ಕಲೆ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಜ್ವರ ಬಂದ ಮಗುವಿಗೆ ಪೌಡರ್ ಬಳಿದು ಶಾಲೆಗೆ ಕಳಿಸಿದ ಹಾಗೆ. 'ಮೇಲೆ ಥಳುಕು, ಒಳಗೆ ಹುಳುಕು' ಎಂಬ ಗಾದೆಯನ್ನು ಮಕ್ಕಳಿಗೆ ವಿಸ್ತರಿಸಿ ಬರೆಯಲು ಎಷ್ಟು ಸಲ ಕೊಟ್ಟಿದ್ದೇನೋ. ಅದನ್ನು ನನ್ನ ಗೋಡೆಯ ಮೇಲೆಯೇ ವಿಸ್ತರಿಸಿದ್ದೆ.

ನಮ್ಮ ಶಾಲೆಯ ವಿಜ್ಞಾನದ ಟೀಚರ್ ಒಂದು ಮಧ್ಯಾಹ್ನ ಇದನ್ನು ಬಿಡಿಸಿ ಹೇಳಿದರು. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿದರೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ಈ ಪ್ರಯೋಗವನ್ನು ನಾವೆಲ್ಲರೂ ಶಾಲೆಯಲ್ಲಿ ಮಾಡಿದವರೇ. ನಮ್ಮ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡು ಸುಣ್ಣದೊಡನೆ ಸೇರಿ ಸುಣ್ಣಕಲ್ಲಿನ ಪುಡಿಯಾಗುತ್ತದೆ, ಅದಕ್ಕೇ ಆ ಬಿಳುಪು. ಗೋಡೆಯ ಸುಣ್ಣದ ಗಾರೆ ಗಟ್ಟಿಯಾಗುವುದೂ ಹಾಗೆಯೇ. ಕಲ್ಲನ್ನು ಸುಟ್ಟು ಸುಣ್ಣ ಮಾಡುತ್ತಾರೆ, ನೀರು ಹಾಕಿ ಅರಳಿಸುತ್ತಾರೆ, ಗೋಡೆಗೆ ಬಳಿದ ಮೇಲೆ ಅದು ಗಾಳಿಯಿಂದ ಅದೇ ಅನಿಲವನ್ನು ನಿಧಾನವಾಗಿ ಎಳೆದುಕೊಂಡು ಮತ್ತೆ ಕಲ್ಲಾಗುತ್ತದೆ. ಹೀಗೆ ಆದ ಗಾರೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ನೆಲದಿಂದ ಮಣ್ಣಿನ ಗೋಡೆಗೆ ಏರಿದ ತೇವ ಆ ರಂಧ್ರಗಳಿಂದ ಆವಿಯಾಗಿ ಹೊರಗೆ ಹೋಗುತ್ತದೆ. ದೀಪದ ಬತ್ತಿಗೆ ಎಣ್ಣೆ ಏರುವಂತೆ ಗೋಡೆಗೆ ನೀರು ಏರುತ್ತದೆ. ಹಳೆಯ ಗೋಡೆಗಳ ಬುಡದಲ್ಲಿ ಅದನ್ನು ತಡೆಯುವ ಪದರ ಇರುವುದಿಲ್ಲ. ಏರಿದ್ದು ಹೊರಗೆ ಹೋಗಲು ದಾರಿ ಇರಬೇಕು, ಅಷ್ಟೇ. ಸಿಮೆಂಟೂ ಪ್ಲಾಸ್ಟಿಕ್ ಬಣ್ಣವೂ ಸೇರಿ ಆ ದಾರಿಯನ್ನು ಮುಚ್ಚಿದವು. ತೇವ ಒಳಗೇ ಉಳಿಯಿತು. ತಂದ ಉಪ್ಪನ್ನು ಪದರದ ಹಿಂದೆ ಬಿಟ್ಟಿತು. ಉಪ್ಪು ಹರಳುಗಟ್ಟಿ ಪದರವನ್ನು ಹೊರಕ್ಕೆ ನೂಕಿತು. ಸಿಮೆಂಟು ಕೆಟ್ಟದ್ದೆಂದು ಇದರ ಅರ್ಥವಲ್ಲ. ಇಟ್ಟಿಗೆ, ಕಾಂಕ್ರೀಟಿನ ಮನೆಗೆ ಅದು ಸರಿ. ಮಣ್ಣಿನ ಗೋಡೆಗೆ ಅದು ಮಳೆಕೋಟು ತೊಡಿಸಿ ಬಿಸಿಲಲ್ಲಿ ನಿಲ್ಲಿಸಿದ ಹಾಗೆ.

"ಹಾಗಾದರೆ ಮೊದಲು ಸುಣ್ಣ ಉದುರುತ್ತಿದ್ದದ್ದು ಯಾಕೆ?" ಎಂದು ಕೇಳಿದೆ. ಅವರು ನಮ್ಮ ಮನೆಗೆ ಬಂದು ಬೀದಿಯನ್ನು ತೋರಿಸಿದರು. ವರ್ಷಗಳಿಂದ ಡಾಂಬರಿನ ಮೇಲೆ ಡಾಂಬರು ಬಿದ್ದು ಬೀದಿಯೇ ಎತ್ತರವಾಗಿತ್ತು. ಜಗಲಿಗೆ ಹತ್ತಲು ಮೂರು ಮೆಟ್ಟಿಲಿದ್ದುದು ಈಗ ಒಂದೂವರೆ ಉಳಿದಿದೆ. ಬೀದಿಯ ನೀರು, ಸೂರಿನ ನೀರು ಎರಡೂ ನಮ್ಮ ಗೋಡೆಯ ಬುಡದಲ್ಲೇ ನಿಲ್ಲುತ್ತಿದ್ದವು. ಉದುರುವ ಸುಣ್ಣ ಅದನ್ನೇ ಹೇಳುತ್ತಿತ್ತು. ಹೇಳಿದ ಬಾಯನ್ನು ನಾನು ಸಿಮೆಂಟಿನಿಂದ ಮುಚ್ಚಿದ್ದೆ. ಬೇಕಾಗಿದ್ದದ್ದು ಗೋಡೆಗುಂಟ ಒಂದು ಕಾಲುವೆ.

ನಾಲ್ಕನೆಯ ತಪ್ಪು: ಈ ಹಾಳೆಗಳು ಯಾವಾಗಲೂ ಬೀದಿಬಾಗಿಲಿನಿಂದ ಶುರುವಾಗುತ್ತವೆ. ಅತಿಥಿ ಕೂರುವ ಜಾಗ ಮೊದಲು, ಹೆಂಗಸು ನಿಲ್ಲುವ ಜಾಗ ಕೊನೆಗೆ. ಸಣ್ಣ ಬಜೆಟ್ಟಿನಲ್ಲಿ ಕೊನೆಯದು ಎಂದರೆ ಇಲ್ಲವೆಂದೇ ಅರ್ಥ. ನಮ್ಮ ಅಡುಗೆಮನೆ ಕತ್ತಲು. ಹಗಲಲ್ಲೂ ದೀಪ ಹಾಕಬೇಕಿತ್ತು. ಅಡುಗೆಕಟ್ಟೆ ಯಾರ ಅಳತೆಗೆ ಕಟ್ಟಿಸಿದ್ದೋ, ಕುಳ್ಳಿಯಾದ ನನಗೆ ಪಲ್ಯ ಹೆಚ್ಚುವಾಗ ಭುಜ ಮೇಲೆತ್ತಬೇಕಿತ್ತು. ಪಡಸಾಲೆಗೆ 2 ಲಕ್ಷ ಸುರಿದವಳು ಅದೇ ಭುಜನೋವಿಗೆ ಎಣ್ಣೆ ಹಚ್ಚಿಕೊಂಡು ಮಲಗುತ್ತಿದ್ದೆ.

ಹತ್ತಕ್ಕೆ ಎಷ್ಟು ಅಂಕ ಕೊಡುವುದು? ಅಕ್ಷರ ದುಂಡಗಿದೆ, ಕಾಗದ ನುಣುಪಾಗಿದೆ. ವಿಷಯಕ್ಕೆ ಮೂರು.

ಒಳ್ಳೆಯ ಬರಹ ಹೇಗಿರುತ್ತದೆ ಎಂದೂ ಹೇಳದಿದ್ದರೆ ಅದು ವಿಮರ್ಶೆಯಲ್ಲ, ಗೊಣಗಾಟ. ನಮ್ಮ ಗಣಿತದ ಮೇಷ್ಟ್ರು ತಿರುವನಂತಪುರಕ್ಕೆ ಹೋಗಿದ್ದಾಗ ಲಾರಿ ಬೇಕರ್ ಅವರ ಒಂದು ಪುಟ್ಟ ಪುಸ್ತಕ ತಂದಿದ್ದರು. ಮನೆ ಕಟ್ಟುವ ಖರ್ಚನ್ನು ತಗ್ಗಿಸುವುದು ಹೇಗೆ ಎಂಬುದೇ ಅದರ ವಿಷಯ. ಬೇಕರ್ ಹುಟ್ಟಿದ್ದು 1917ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. ಬದುಕಿನ ಬಹುಪಾಲನ್ನು ಭಾರತದಲ್ಲಿ ಕಳೆದು 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡರು. ಮನೆಯ ಸಾಮಾನೆಲ್ಲ ಐದು ಮೈಲಿ ಸುತ್ತಿನಲ್ಲೇ ಸಿಗುವಂತಿರಬೇಕು ಎಂದು ಗಾಂಧೀಜಿ ಹೇಳಿದ ಮಾತನ್ನು ಅವರು ಕೊನೆಯವರೆಗೂ ನೆನೆಯುತ್ತಿದ್ದರು. ಆ ಪುಸ್ತಕದಲ್ಲಿ ಬಣ್ಣದ ಫೋಟೋ ಇಲ್ಲ. ಅವರೇ ಬರೆದ ಗೆರೆಚಿತ್ರಗಳಿವೆ. ಇಟ್ಟಿಗೆಯನ್ನು ಮಲಗಿಸುವ ಬದಲು ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಗೋಡೆ ಕಟ್ಟಿದರೆ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ ಎಂಬಂಥ ಲೆಕ್ಕ ಅವರದು. ಪ್ರತಿಯೊಂದಕ್ಕೂ 'ಇದು ಬೇಕೇ?' ಎಂದು ಕೇಳುತ್ತಾರೆ. ನನ್ನ ಟ್ರಂಕಿನ ಹಾಳೆಗಳು ಒಮ್ಮೆಯೂ ಕೇಳದ ಪ್ರಶ್ನೆ ಅದು. ಅದರಲ್ಲೂ ಒಂದು ಕೊರತೆ ಇದೆ. ಅದು ಹೊಸದಾಗಿ ಕಟ್ಟುವವರಿಗೆ ಬರೆದದ್ದು. ಬಂದದ್ದನ್ನು ಸಂಭಾಳಿಸಬೇಕಾದ ನಮ್ಮಂಥವರು ಅದರಿಂದ ಲೆಕ್ಕ ಹಾಕುವ ಬಗೆಯನ್ನಷ್ಟೇ ಕಲಿಯಬಹುದು.

ಹಾಗಾದರೆ ಹಳೆಯದನ್ನೆಲ್ಲ ಇದ್ದಂತೆಯೇ ಉಳಿಸಬೇಕೇ? ಈ ಪ್ರಶ್ನೆ ನನ್ನನ್ನು ಕಾಡಿದ್ದು ಮಣಿಪಾಲದಲ್ಲಿ, ಮಕ್ಕಳ ಪ್ರವಾಸದ ಹೊತ್ತು. ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ ಅವರು, ಜನ ಕೆಡವಿ ಸೌದೆಗೆ ಹಾಕುತ್ತಿದ್ದ ಹಳೆಯ ಮನೆಗಳ ಕಂಬ, ಬಾಗಿಲು, ತೊಲೆಗಳನ್ನು ಒಟ್ಟು ಮಾಡಿ ಅಲ್ಲಿ ಹಸ್ತಶಿಲ್ಪವನ್ನು ಕಟ್ಟಿದರು. ಕುಕನೂರಿನ ಕಮಲ ಮಹಲಿನಂಥ ಇಡೀ ಕಟ್ಟಡಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದಾರೆ. ಅವರು 2017ರಲ್ಲಿ ತೀರಿಕೊಂಡರು. ನಮ್ಮಂಥವರು ಗುಜರಿಗೆ ಹಾಕಿದ್ದನ್ನು ಒಬ್ಬ ಮನುಷ್ಯ ಇಷ್ಟು ಭಕ್ತಿಯಿಂದ ಎತ್ತಿಟ್ಟುಕೊಂಡನಲ್ಲ ಎಂದು ಕಣ್ಣು ತುಂಬಿ ಬಂತು. ಆದರೂ ಅಲ್ಲಿನ ಒಂದು ಅಡುಗೆಮನೆಯ ಮುಂದೆ ನಿಂತಾಗ ಅನ್ನಿಸಿತು: ಈ ಒಲೆಯ ಮುಂದೆ ಕುಳಿತು ಊದುವವರು ಈಗ ಯಾರೂ ಇಲ್ಲ. ಅದು ಇಷ್ಟು ಚೆನ್ನಾಗಿ ಕಾಣಲು ಅದೂ ಒಂದು ಕಾರಣ.

ಹಳೆಯ ಮನೆ ಸ್ವರ್ಗವಾಗಿರಲಿಲ್ಲ. ಆ ಹೊಗೆಗೆ ನಮ್ಮ ಅತ್ತೆಯ ಕಣ್ಣು ಸದಾ ಕೆಂಪಗಿರುತ್ತಿತ್ತು. ರಾತ್ರಿ ಕಕ್ಕಸಿಗೆ ಹಿತ್ತಲ ಕೊನೆಗೆ, ಕೈಯಲ್ಲಿ ಲಾಟೀನು ಹಿಡಿದು ಹೋಗಬೇಕಿತ್ತು. ತಿಂಗಳ ಮೂರು ದಿನ ಕೂರಲು ಒಂದು ಮೂಲೆ ಇತ್ತು, ಅದಕ್ಕೆ ಕಿಟಕಿ ಇರಲಿಲ್ಲ. ಈಗ ಮೊಬೈಲಿನ ವಿಡಿಯೋಗಳಲ್ಲಿ ಹೊಸ ಹುಚ್ಚೊಂದು ಬಂದಿದೆ. ತೊಟ್ಟಿಮನೆ ಎಂದರೆ ಹಿತ್ತಾಳೆ ಉರುಳಿಯಲ್ಲಿ ಹೂವು, ಸರಪಳಿಯ ಉಯ್ಯಾಲೆ, ಮೂಲೆಯಲ್ಲಿ ಒರಳುಕಲ್ಲು. ಒರಳಿನಲ್ಲಿ ದಿನವೂ ರುಬ್ಬಿದ ಕೈಗಳ ಪ್ರಸ್ತಾಪವಿಲ್ಲ. ಹಿಂದಿನ ಹಾಳೆಗಳು ಹಳೆಯದನ್ನು ಮುಚ್ಚಿ ಎಂದವು, ಇವು ಹಳೆಯದನ್ನು ತೋರಿಸಿ ಎನ್ನುತ್ತವೆ. ಎರಡಕ್ಕೂ ಬೇಕಾದದ್ದು ನೋಡುವವರ ಕಣ್ಣು. ಇರುವವರ ಕಾಲು, ಭುಜ, ಉಸಿರು ಎರಡಕ್ಕೂ ಬೇಡ.

2019ರಲ್ಲಿ ನಾವು ಮತ್ತೆ ಕೆಲಸಕ್ಕೆ ಕೈಹಾಕಿದೆವು. ಈ ಸಲ ಹಾಳೆ ನೋಡಲಿಲ್ಲ. ಆ ಮಳೆಗಾಲದಲ್ಲಿ ಒಂದು ದಿನ ಕೊಡೆ ಹಿಡಿದು ಮನೆಯ ಸುತ್ತ ಎರಡು ಸಲ ಸುತ್ತಿದೆ. ನೀರು ಎಲ್ಲಿ ಬೀಳುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಹೆಂಚಿನ ಸಂದಿಯಲ್ಲಿ ಇಳಿಯುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಸುಣ್ಣದ ಗಾರೆ ಬಲ್ಲ ಮೇಸ್ತ್ರಿಯನ್ನು ಹುಡುಕಲು ಎರಡು ತಿಂಗಳು ಹಿಡಿಯಿತು. ಕೊನೆಗೆ ದೇವಸ್ಥಾನದ ಜೀರ್ಣೋದ್ಧಾರಕ್ಕೆ ದುಡಿದಿದ್ದ ಒಬ್ಬ ವಯಸ್ಸಾದವರು ಸಿಕ್ಕಿದರು. ಸಿಮೆಂಟು ಕಿತ್ತ ಗೋಡೆಯನ್ನು ಅಂಗೈಯಿಂದ ಸವರಿ, "ಟೀಚರಮ್ಮೋರೇ, ಇದು ಒಣಗಕ್ಕೆ ಬಿಡಿ. ಅವಸರ ಮಾಡಬ್ಯಾಡಿ" ಎಂದರು. ಬೇಸಿಗೆ ಪೂರ್ತಿ ಗೋಡೆ ಬತ್ತಲೆ ನಿಂತಿತ್ತು. ಬಂದವರಿಗೆ ಕಾರಣ ಹೇಳಿ ಹೇಳಿ ನನ್ನ ಬಾಯಿ ಒಣಗಿತು, ಗೋಡೆಯೂ ಒಣಗಿತು.

ಮಾಡಿಸಿದ್ದು ಇಷ್ಟೇ, ಅದೂ ಈ ಕ್ರಮದಲ್ಲಿ. ಮೊದಲು ಮಾಡು: ಹುಳಿತ ರೀಪು ಬದಲಿಸಿ, ಒಡೆದ ಹೆಂಚು ತೆಗೆದು ಬೇರೆ ಹಾಕಿಸಿದೆವು. ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಶುರು ಮಾಡಿದ ಮಾದರಿಯ ಹೆಂಚು ಇದು. ಒಂದು ಒಡೆದರೆ ಆ ಒಂದನ್ನೇ ಬದಲಿಸಬಹುದು. ಅಷ್ಟು ಉಪಕಾರ ಬೇರೆ ಯಾವ ಮಾಡೂ ಮಾಡುವುದಿಲ್ಲ. ಫಾಲ್ಸ್ ಸೀಲಿಂಗ್ ಇಳಿಸಿದೆವು, ಇಲಿಗಳು ವಲಸೆ ಹೋದವು. ಎರಡನೆಯದು ಗೋಡೆಯ ಹೊರಬದಿಗೆ ಕಾಲುವೆ. ಮೂರನೆಯದು ಅಡುಗೆಮನೆ: ಮಾಡಿನಲ್ಲಿ ಎರಡು ಹೆಂಚು ತೆಗೆದು ಗಾಜಿನ ಹೆಂಚು ಹಾಕಿಸಿದ್ದಕ್ಕೆ ಹಗಲೆಲ್ಲ ಬೆಳಕು ಬಂತು. ಕಟ್ಟೆಯನ್ನು ನನ್ನ ಮೊಣಕೈಗಿಂತ ನಾಲ್ಕೈದು ಅಂಗುಲ ಕೆಳಗೆ ಬರುವಂತೆ ತಗ್ಗಿಸಿದೆವು. ಭುಜನೋವಿನ ಎಣ್ಣೆ ಸೀಸೆ ಈಗ ಖಾಲಿಯಾಗುವುದಿಲ್ಲ. ನಾಲ್ಕನೆಯದು ಗೋಡೆಗೆ ಸುಣ್ಣದ ಗಾರೆ, ಮೇಲೆ ಬರಿಯ ಸುಣ್ಣ. ತೊಟ್ಟಿಯಂಚಿನ ಟೈಲ್ಸ್ ಒಡೆಸಿದೆವು. ಕೆಳಗೆ ಹಳೆಯ ಚಪ್ಪಡಿ ಇದ್ದ ಹಾಗೇ ಇತ್ತು, ಉಳಿಯ ಗುರುತು ಸಮೇತ. ಕಲ್ಲುಕುಟಿಗ ಅದನ್ನು ನಯ ಮಾಡದೆ ಬಿಟ್ಟದ್ದು ಯಾಕೆಂದು ಅವತ್ತು ತಿಳಿಯಿತು. ಪಡಸಾಲೆಯ ಕೆಂಪು ನೆಲ ಮಾತ್ರ ಟೈಲ್ಸಿನ ಅಂಟಿಗೆ ಹಾಳಾಗಿತ್ತು. ಅದನ್ನು ಮರಳಿ ತರುವಷ್ಟು ದುಡ್ಡಿರಲಿಲ್ಲ. ಅಲ್ಲಿ ಇವತ್ತಿಗೂ ಹೊಳೆಯುವ ಟೈಲ್ಸೇ ಇದೆ, ಮೇಲೆ ಚಾಪೆ ಹಾಸಿದ್ದೇನೆ.

ಒಟ್ಟು ಖರ್ಚು ಮೊದಲಿನದಕ್ಕಿಂತ ಕಡಿಮೆಯಾಯಿತು. ಚಿತ್ರ ತೆಗೆದರೆ ಯಾವ ಪತ್ರಿಕೆಯೂ ಹಾಕುವುದಿಲ್ಲ. ಸುಣ್ಣದ ಗೋಡೆಗೆ ಒರಗಿದರೆ ಸೆರಗಿಗೆ ಬಿಳುಪು ಹತ್ತುತ್ತದೆ. ಕಲ್ಲಿನಂಚನ್ನು ದಿನಾ ತಿಕ್ಕಬೇಕು. ನೋಡಬೇಕಾಗಿದ್ದವರು ನೋಡಲು ಇಲ್ಲ. ಮೊದಲ ಸಲ ಆ ಚಪ್ಪಡಿಯ ಮೇಲೆ ಬರಿಗಾಲಲ್ಲಿ ನಿಂತಾಗ ಅದೊಂದೇ ಮನಸ್ಸಿಗೆ ಬಂದದ್ದು.

ಟ್ರಂಕಿನ ಹಾಳೆಗಳನ್ನು ರದ್ದಿಗೆ ಹಾಕಲಿಲ್ಲ. ಒಂಬತ್ತನೆಯ ತರಗತಿಗೆ ತೆಗೆದುಕೊಂಡು ಹೋದೆ. ಗುಂಪಿಗೊಂದು ಚಿತ್ರ ಕೊಟ್ಟು, "ಇದರಲ್ಲಿ ಏನಿಲ್ಲ, ಹೇಳಿ" ಎಂದೆ. ಮೊದಲು ಸುಮ್ಮನಿದ್ದರು. ಆಮೇಲೆ ಒಬ್ಬ, "ಮಿಸ್, ಚಪ್ಪಲಿ ಇಲ್ಲ" ಎಂದ. ಇನ್ನೊಬ್ಬಳು, "ಮಳೆ ಬಂದ್ರೆ ಇವರು ಬಟ್ಟೆ ಎಲ್ಲಿ ಒಣಗಿಸ್ತಾರೆ ಮಿಸ್?" ಎಂದಳು. "ಅಜ್ಜಿ ಎಲ್ಲಿ ಮಲಗ್ತಾರೆ?" ಎಂದು ಹಿಂದಿನ ಬೆಂಚಿನಿಂದ ಕೇಳಿಬಂತು. ಮೂವತ್ತು ವರ್ಷ ನನಗೆ ಹೊಳೆಯದ್ದು ಅವರಿಗೆ ಹತ್ತು ನಿಮಿಷದಲ್ಲಿ ಹೊಳೆಯಿತು.

ಮಾರನೆಯ ದಿನಕ್ಕೆ 'ನಮ್ಮ ಮನೆ' ಎಂದು ಪ್ರಬಂಧ ಬರೆದು ತರಲು ಹೇಳಿದೆ. ಬಾಡಿಗೆಯ ಒಂದೇ ಕೋಣೆಯ ಶೀಟ್ ಮನೆಯಲ್ಲಿರುವ ಹುಡುಗಿಯೊಬ್ಬಳು ಒಂದೂವರೆ ಪುಟ ಬರೆದಿದ್ದಳು. ಮಳೆ ಬಂದರೆ ಶೀಟಿನಲ್ಲಿ ಎಷ್ಟು ಕಡೆ ಸೋರುತ್ತದೆ, ಯಾವ ತೂತಿನ ಕೆಳಗೆ ಯಾವ ಪಾತ್ರೆ ಇಡುತ್ತಾರೆ, ದೊಡ್ಡ ಮಳೆಯಾದರೆ ಪುಸ್ತಕದ ಚೀಲವನ್ನು ಯಾವ ಮೊಳೆಗೆ ನೇತು ಹಾಕುತ್ತಾರೆ, ಅಮ್ಮ ಒಲೆಯನ್ನು ಯಾವ ಕಡೆಗೆ ಸರಿಸುತ್ತಾಳೆ, ಎಲ್ಲವೂ ಅದರಲ್ಲಿತ್ತು. ಒತ್ತಕ್ಷರದ ತಪ್ಪುಗಳಿಗೆ ಒಂದು ಅಂಕ ಕಳೆದು ಹತ್ತಕ್ಕೆ ಒಂಬತ್ತು ಕೊಟ್ಟೆ.